ನಾನು ಕೊಯ್ದ ಕವಚ

ಡ್ರಿಲ್ ಮೇಷ್ಟ್ರು ಸೀಟು ಸರಿಯಿಲ್ಲ ಎಂದು ಮೂರನೇ ಸಲ ಬಂದ ದಿನ ನನ್ನ ಬೆನ್ನೂ ನೋಯುತ್ತಿತ್ತು. ಅವರ ನೋವಿಗೂ ನನ್ನ ನೋವಿಗೂ ನಾನು ಹೇಳಿದ ಮದ್ದು ಒಂದೇ. ಅಭ್ಯಾಸ ಆಗುತ್ತದೆ ಎಂದೆ. ಇಬ್ಬರಿಗೂ ಆಗಲಿಲ್ಲ.

ನನ್ನ ಹೆಸರು ಖತೀಜಮ್ಮ. ಕೊಪ್ಪದಲ್ಲಿ ಬೈಕಿನ ಸೀಟು ಹೊಲಿಯುವ ಅಂಗಡಿ ಇದೆ. ಗಂಡ ಇಟ್ಟ ಅಂಗಡಿ, ಅವರು ಹೋದ ಮೇಲೆ ನಾನೇ ನಡೆಸುತ್ತಿದ್ದೇನೆ. ಓದಿದ್ದು ಮೂರನೇ ಕ್ಲಾಸು. ಸೀಟಿನ ತಳಕ್ಕೆ ಸೀಮೆಸುಣ್ಣದಲ್ಲಿ ಗಿರಾಕಿಯ ಹೆಸರು ಬರೆಯುವಷ್ಟು ಅಕ್ಷರ ಬರುತ್ತದೆ. ಇದನ್ನು ಬರೆಯಲು ನಾಲ್ಕು ತಿಂಗಳು ಹಿಡಿಯಿತು. ಕಾಗುಣಿತ ತಿದ್ದಿದವಳು ಸೊಸೆ ಸಮೀರಾ. ನಮ್ಮ ಮನೆಮಾತು ಬೇರೆ, ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಹಾಕಿದ್ದೇನೆ. ಬೆನ್ನುಮೂಳೆಗೆ ಕ್ಷಯ ಬಂದು ಕವಚ ಕಟ್ಟಿಕೊಂಡು ಮಲಗಿರುವವರು ಓದಲಿ ಎಂದು ಬರೆದೆ. ಕಾಯಿಲೆ ಹೇಗೆ ಬರುತ್ತದೆ, ಹೇಗೆ ಹೋಗುತ್ತದೆ ಎಂದು ಡಾಕ್ಟರು ಹೇಳುತ್ತಾರೆ. ಮಲಗಿರುವುದು ಹೇಗೆ ಎಂದು ಮಲಗಿದವರೇ ಹೇಳಬೇಕು.

ಮೇಷ್ಟ್ರು ಮೆಣಸೆಯವರು. ಶೆಟ್ಟಿಕೊಪ್ಪದ ಕಡೆಯ ಶಾಲೆಯಲ್ಲಿ ಮಕ್ಕಳಿಗೆ ಡ್ರಿಲ್ ಮಾಡಿಸುತ್ತಾರೆ. ದಿನವೂ ಕೊಪ್ಪದ ಮೇಲೆಯೇ ಹೋಗಿ ಬರುತ್ತಾರೆ. ಆಳು ಆರಡಿಗಿಂತ ಎರಡಿಂಚು ಹೆಚ್ಚು. ಇಷ್ಟು ಉದ್ದದ ಮನುಷ್ಯ ಕೊಂಡದ್ದು ರೇಸಿನವರು ಓಡಿಸುವಂಥ ಗಿಡ್ಡ ಗಾಡಿ. ಅದರ ಹ್ಯಾಂಡಲು ಬಹಳ ಕೆಳಗೆ. ಕಾಲಿಡುವ ಕಡ್ಡಿ ಹಿಂದಕ್ಕೆ, ಮೇಲಕ್ಕೆ. ಸೀಟು ಮುಂದಕ್ಕೆ ಜಾರು. ಕೂತವನು ಟ್ಯಾಂಕಿನ ಮೇಲೆ ಬಗ್ಗಿಯೇ ಇರಬೇಕು.

"ಖತೀಜಮ್ಮ, ಹರಿಹರಪುರ ದಾಟೋದ್ರೊಳಗೆ ಕೈ ಜೋಮು ಹಿಡೀತದೆ. ಕಿರುಬೆರಳು ನಂದೇ ಅಲ್ಲ ಅನ್ನೋ ಹಂಗೆ ಆಗ್ತದೆ."

"ಕುರಿಮರಿ ಮೇಲೆ ಕೋಣ ಕೂತ ಹಂಗೆ ಕಾಣ್ತೀರಿ ಮಾರಾಯ್ರೆ. ಗಾಡಿ ಮಾರಿ."

"ಅದನ್ನ ಮನೇಲಿ ಹೆಂಡ್ತಿ ದಿನಾ ಹೇಳ್ತಾಳೆ. ನೀವು ಸೀಟು ಮಾಡಿ."

"ಮೂರು ಸಲ ಮಾಡಿದೀನಿ. ಅಭ್ಯಾಸ ಆಗ್ತದೆ, ಹೋಗಿ."

ನನ್ನ ಅಳತೆಗೆ ಟೇಪು ಬೇಡ. ಬೆಂಚಿನ ಮೇಲೆ ತೌಡು ತುಂಬಿದ ಚೀಲ ಹಾಕಿ ಗಿರಾಕಿಯನ್ನು ಅದರ ಮೇಲೆ ಕೂರಿಸುತ್ತೇನೆ. ಎದ್ದ ಮೇಲೆ ತೌಡಿನಲ್ಲಿ ಗುಂಡಿ ಬಿದ್ದಿರುತ್ತದೆ. ಭಾರ ಎಲ್ಲಿ ಕೂರುತ್ತದೆ ಎಂದು ಅದೇ ಹೇಳುತ್ತದೆ. ಗಂಡ ಕಲಿಸಿದ್ದು. ಮೇಷ್ಟ್ರನ್ನೂ ಮೂರು ಸಲ ಹಾಗೇ ಕೂರಿಸಿದ್ದೆ. ಮೂರು ಸಲವೂ ಅವರು ಊಟಕ್ಕೆ ಕೂತವರ ಹಾಗೆ ನೆಟ್ಟಗೆ ಕೂತಿದ್ದರು. ಅದರಲ್ಲಿ ತಪ್ಪೇನಿದೆ ಎಂದು ನನಗಾಗಲಿ ಅವರಿಗಾಗಲಿ ಹೊಳೆದಿರಲಿಲ್ಲ.

ನನ್ನ ನೋವು ಎರಡು ಭುಜಗಳ ಮೂಳೆಯ ನಡುವೆ, ತುಸು ಕೆಳಗೆ. ಮೆಷಿನ್ ಮುಂದೆ ಬಗ್ಗಿ ಬಗ್ಗಿ ಬಂದದ್ದು ಎಂದುಕೊಂಡೆ. ಸ್ಟೂಲಿನ ಮೇಲೆ ಒಂದಿಂಚು ಸ್ಪಂಜು ಹಾಕಿದೆ, ಆಮೇಲೆ ಎರಡು, ಆಮೇಲೆ ಮೂರು. ಕೊನೆಗೆ ಕಾಲು ಪೆಡಲಿಗೆ ಎಟುಕುತ್ತಿರಲಿಲ್ಲ. ಸಂಜೆಯಾದರೆ ಮೈ ಬೆಚ್ಚಗೆ. ಬಳೆ ಮೊಣಕೈವರೆಗೆ ಸರಿಯತೊಡಗಿತು. ಐದು ತಿಂಗಳು ಹೀಗೇ ಕಳೆದೆ. ಒಂದು ಬೆಳಿಗ್ಗೆ ಅಂಗಡಿಯ ಷಟರ್ ಎತ್ತಲು ಹೋದಾಗ ಬಲಗಾಲು ಮೆಟ್ಟಿಲಿಗೆ ತಾಗಿತು. ನಾನು ಎತ್ತಿದ್ದೆ, ಅದು ಎದ್ದಿರಲಿಲ್ಲ. ಮುಖ ಅಡಿಯಾಗಿ ಬಿದ್ದೆ.

ಮಗ ಹನೀಫ ಸಾಮಾನು ಸಾಗಿಸುವ ಪಿಕಪ್ ಓಡಿಸುತ್ತಾನೆ. ಅದರಲ್ಲೇ ಘಟ್ಟದ ಕೆಳಗಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದ. ಪ್ರತಿ ತಿರುವಿನಲ್ಲೂ "ಉಮ್ಮಾ, ನೋಯ್ತದಾ" ಎನ್ನುತ್ತಿದ್ದ. "ರಸ್ತೆ ನೋಡು" ಎಂದೆ.

ಆಸ್ಪತ್ರೆಯಲ್ಲಿ ಕಾಯುವವರ ಕುರ್ಚಿ ತಗಡಿನವು. ತೂತು ತೂತು, ಮುಂದಕ್ಕೆ ಜಾರು. ನೋವಿರುವವರಿಗೆಂದು ಇಟ್ಟ ಕುರ್ಚಿ, ನೋವಿರುವವರಿಗೆ ಕೂರಲಾಗುವುದಿಲ್ಲ. ಪಕ್ಕದಲ್ಲಿ ನರಸಿಂಹರಾಜಪುರದ ಹೆಂಗಸೊಬ್ಬಳು ಸೀರೆಯ ಮೇಲೆ ಬಿಳಿ ಪ್ಲಾಸ್ಟಿಕ್ಕಿನ ಕವಚ ಕಟ್ಟಿಕೊಂಡು ಕಂಬದ ಹಾಗೆ ಕೂತಿದ್ದಳು. ನಾನು ಒದ್ದಾಡುವುದನ್ನು ನೋಡಿ ತನ್ನ ಹೊದಿಕೆಯನ್ನು ಸುರುಳಿ ಸುತ್ತಿ ಕೊಟ್ಟಳು.

"ಸೊಂಟಕ್ಕಲ್ಲಕ್ಕ, ಸ್ವಲ್ಪ ಮೇಲೆ ಇಟ್ಕೊಳ್ಳಿ. ಹಾಂ, ಅಲ್ಲಿ."

"ನಿಮ್ಗೆ ಎಂತ ಆಗಿರೋದು?"

"ರಿಪೋರ್ಟ್ ಬರ್ಲಿ, ನಿಮ್ಗೂ ಗೊತ್ತಾಗ್ತದೆ" ಎಂದಳು. ನೋಡಿದ ಕೂಡಲೇ ಅವಳಿಗೆ ತಿಳಿದಿತ್ತು. ಆದರೂ ಹೆದರಿಸಲಿಲ್ಲ. ಅವಳ ಹೆಸರು ಕೇಳಲು ಮರೆತೆ.

ಸ್ಕ್ಯಾನಿಂಗ್ ಎಂದರೆ ಪೈಪಿನೊಳಗೆ ತಳ್ಳುವುದು. ಮೂಗಿನಿಂದ ಒಂದು ಗೇಣು ಮೇಲೆ ಸೂರು, ಎರಡೂ ಭುಜಕ್ಕೆ ಗೋಡೆ, ಕಿವಿಯ ಹತ್ತಿರ ತಗಡು ಬಡಿಯುವ ಸದ್ದು. ಅಲ್ಲಾಡಬೇಡಿ ಎನ್ನುತ್ತಾರೆ. ಅಲ್ಲಾಡಲು ಜಾಗವಿದ್ದರೆ ತಾನೆ. ಕೈಗೆ ಒಂದು ರಬ್ಬರ್ ಉಂಡೆ ಕೊಟ್ಟಿದ್ದರು, ತಡೆಯಲಾಗದಿದ್ದರೆ ಒತ್ತಿ ಎಂದು. ನಾನು ಒತ್ತಲಿಲ್ಲ, ಒತ್ತಿದರೆ ಮತ್ತೆ ಮೊದಲಿಂದ ಮಾಡುತ್ತಾರೆ ಎಂಬ ಹೆದರಿಕೆಗೆ. ಆಮೇಲೆ ಬೆನ್ನಿಗೆ ಸೂಜಿ ಚುಚ್ಚಿ ಮೂಳೆಯ ಚೂರು ತೆಗೆದರು. ಅದರ ಫಲಿತಾಂಶ ಬರಲು ಕೆಲವು ದಿನ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಸುತ್ತಿ ಬಳಸಿ ಮಾತಾಡಲಿಲ್ಲ. "ಅಮ್ಮಾ, ಇದು ಟಿಬಿ. ಬೆನ್ನುಮೂಳೆಗೆ ಬಂದಿದೆ. ಎರಡು ಮಣಿ ತಿಂದಿದೆ" ಎಂದರು.

ಹನೀಫ ಮೊದಲು ನೋಡಿದ್ದು ಬಾಗಿಲನ್ನು, ಯಾರಾದರೂ ಕೇಳಿಸಿಕೊಂಡರೋ ಎಂದು.

"ಮೆಷಿನ್ ತುಳೀಬಹುದಾ?" ಎಂದು ಕೇಳಿದೆ.

"ಮೊದಲು ಕಾಲು ಉಳಿಸ್ಕೊಳ್ಳೋಣ. ಮೂಳೆ ಇನ್ನೂ ಕುಸಿದ್ರೆ ನರ ಒತ್ತಿ ಕಾಲಿನ ಬಲ ಹೋಗ್ತದೆ. ಒಂದು ವರ್ಷ ಮಾತ್ರೆ. ಆರು ವಾರ ಪೂರ್ತಿ ಮಲಗಬೇಕು, ಆಮೇಲೆ ಕವಚ ಹಾಕಿಯೇ ಏಳಬೇಕು. ಕಾಲು ಇನ್ನೂ ಸೋತ್ರೆ ಆಪರೇಷನ್."

ಕಾಲು ಹೋದರೆ ಅಂಗಡಿ ಹೋಯಿತು. ಅಂಗಡಿ ಹೋದರೆ ಹಿಂದಿನ ಕೋಣೆಯಲ್ಲಿ ಬಿದ್ದಿರುವ ಮುದುಕಿ ನಾನು. ನನಗೆ ಅರ್ಥವಾದದ್ದು ಅಷ್ಟು.

ಕವಚ ಮಾಡುವವನು ನಾನು ಮಲಗಿದ್ದಲ್ಲೇ ಬಂದು ಅಳತೆ ತೆಗೆದ. ಅದು ಎರಡು ಹೋಳು. ಹಿಂದೊಂದು, ಮುಂದೊಂದು, ನಡುವೆ ಪಟ್ಟಿ. ನನ್ನನ್ನು ಮಗ್ಗುಲಿಗೆ ಉರುಳಿಸಿ ಹಿಂದಿನ ಹೋಳು ಸಿಕ್ಕಿಸಬೇಕು, ಮತ್ತೆ ಮೊದಲಿನಂತೆ ಮಲಗಿಸಿ ಮುಂದಿನದನ್ನು ಮುಚ್ಚಿ ಬಿಗಿಯಬೇಕು. ಡಬ್ಬಿಗೆ ಮುಚ್ಚಳ ಹಾಕಿದ ಹಾಗೆ.

ನಮ್ಮ ಮನೆ ಅಂಗಡಿಯ ಹಿಂದೆಯೇ. ಕೋಣೆಯಲ್ಲಿ ಹಲಗೆಯ ಮಂಚ ಹಾಕಿದರು. ಮಲಗಿದರೆ ಕಾಣುವುದು ಸೂರಿನ ಹದಿನಾಲ್ಕು ಶೀಟು, ಎರಡು ತೊಲೆ, ಒಂದು ಬಲ್ಬು. ಆರು ವಾರ ಅಷ್ಟೇ. ಕೆಳಕ್ಕೆ ನೋಡಲು ಕನ್ನಡಿ ಬೇಕು, ಮೂಗಿನ ಮೇಲೆ ಕೂತ ನೊಣ ಓಡಿಸಲು ಕೈ ಒಂದು ಇದೆ ಎಂದು ಸಮಾಧಾನಪಡಬೇಕು. ಮಾತ್ರೆ ನುಂಗಿದರೆ ವಾಕರಿಕೆ. ಮಲಗಿಕೊಂಡೇ ವಾಂತಿ ಮಾಡುವುದು ಒಂದು ವಿದ್ಯೆ, ಕಲಿತೆ. ಮೂತ್ರ ಕುಂಕುಮದ ಬಣ್ಣವಾಯಿತು. ಆಸ್ಪತ್ರೆಯಲ್ಲಿ ಮೊದಲೇ ಹೇಳಿದ್ದರಿಂದ ಹೆದರಲಿಲ್ಲ, ಬೆಡ್‌ಪ್ಯಾನ್ ಎತ್ತುವ ಸಮೀರಾ ಹೆದರಿದಳು.

ಅವಳು ನನ್ನ ಲೋಟ ಬೇರೆ ಇಟ್ಟಳು. ತಟ್ಟೆಗೆ ಉಗುರುಬಣ್ಣದ ಚುಕ್ಕೆ. ನನ್ನ ಎದೆಯಲ್ಲಿ ಕಾಯಿಲೆ ಇಲ್ಲ, ಇದು ಹರಡುವುದಿಲ್ಲ ಎಂದು ಡಾಕ್ಟರಮ್ಮ ಅವಳೆದುರಿಗೇ ಹೇಳಿದ್ದರು.

"ಕೇಳಿಸ್ಲಿಲ್ವಾ ನಿಂಗೆ?" ಎಂದೆ.

"ಕೇಳಿಸ್ತು ಮಾಮಿ. ಆದ್ರೂ ಹೆದ್ರಿಕೆ ಆಗ್ತದೆ. ಎಂತ ಮಾಡ್ಲಿ?"

ಸುಳ್ಳಂತೂ ಹೇಳಲಿಲ್ಲ ಅವಳು. ನೋಡಲು ಬಂದ ಬೇರೆ ಹೆಂಗಸರು ಬಾಗಿಲಲ್ಲೇ ನಿಂತು, ಸೆರಗು ಮೂಗಿಗೆ ಹಿಡಿದು, "ನಮ್ಗೆಂತ ಹೆದ್ರಿಕೆ ಇಲ್ಲಪ್ಪ" ಎನ್ನುತ್ತಿದ್ದರು. ಇವಳಾದರೂ ಹೆದರಿಕೊಂಡೇ ನನ್ನ ಮೈ ಒರೆಸುತ್ತಿದ್ದಳು.

ಎರಡನೇ ವಾರ ಅಂಗಡಿಯನ್ನು ಅವಳೇ ತೆರೆದಳು. ರವಿಕೆ ಹೊಲಿಯಲು ಬರುತ್ತಿತ್ತು, ಸೀಟು ಗೊತ್ತಿರಲಿಲ್ಲ. ನಾನು ಮಲಗಿದ್ದಲ್ಲಿಂದ ಕಿವಿಯಲ್ಲೇ ಅಂಗಡಿ ನಡೆಸಿದೆ. ಸ್ಪಂಜು ಕೊಯ್ಯುವ ಸದ್ದಿನಲ್ಲೇ ಕತ್ತಿ ಮೊಂಡಾಗಿದೆ ಎಂದು ತಿಳಿಯುತ್ತದೆ.

"ಕತ್ತಿ ಮಸೆ."

"ಮಸೆದಿದೀನಿ ಮಾಮಿ."

"ಯಾವಾಗ, ಮದುವೆ ಆದಾಗಲಾ?"

ಆರು ವಾರ ಕಳೆದು ದಿನಕ್ಕೆ ಅರ್ಧ ಗಂಟೆ, ಆಮೇಲೆ ಒಂದು ಗಂಟೆ, ಕವಚ ಹಾಕಿ ಕೂರಬಹುದು ಎಂದರು. ಕೂತೆ. ಅದಕ್ಕಿಂತ ಮಲಗುವುದೇ ಸುಖವಾಗಿತ್ತು. ಕೂತ ಕೂಡಲೇ ಕೆಳಗಿನ ಅಂಚು ತೊಡೆಯ ಸಂದಿಗೆ ನಾಟಿತು, ಇಡೀ ಕವಚ ಮೇಲಕ್ಕೆ ಸರಿದು ಎದೆಮೂಳೆಯ ಮೇಲೆ ಮುಷ್ಟಿ ಇಟ್ಟ ಹಾಗೆ ಒತ್ತಿತು. ಬಗ್ಗಲಾಗದು, ತಿರುಗಲಾಗದು, ಉಸಿರು ಮೇಲಿನ ಅರ್ಧದಲ್ಲೇ. ಅನ್ನ ಎರಡು ತುತ್ತಿಗೆ ತಡೆಯುತ್ತಿತ್ತು. ಒಳಗೆ ಬೆವರು, ತುರಿಕೆ. ಕಡ್ಡಿ ತೂರಿಸಲೂ ಸಂದಿಲ್ಲ. ಅರ್ಧ ಗಂಟೆಗೆ ಇಪ್ಪತ್ತು ಸಲ ಗಡಿಯಾರ ನೋಡುತ್ತಿದ್ದೆ.

ಆಸ್ಪತ್ರೆಗೆ ಹೇಳಬೇಕಿತ್ತು. ನಾನು ಹೇಳಲಿಲ್ಲ. ಸೀಟಿನ ಪ್ಲಾಸ್ಟಿಕ್ ತಳ ಎಷ್ಟು ಕೊಯ್ದಿಲ್ಲ ನಾನು? ಸಮೀರಾ ಅಂಗಡಿಯಲ್ಲಿದ್ದಾಗ ಮುಂದಿನ ಹೋಳನ್ನು ಹೊಟ್ಟೆಯ ಮೇಲಿಟ್ಟುಕೊಂಡು, ಮಲಗಿದಂತೆಯೇ, ಆಕ್ಸಾ ಬ್ಲೇಡಿನಲ್ಲಿ ಎದೆಯ ಕಡೆ ನಾಲ್ಕು ಬೆರಳು ಕೊಯ್ದೆ. ಅಂಚು ಉಜ್ಜಿ ನಯ ಮಾಡಿದೆ. ಒಳಗೆ ಮೆತ್ತನೆ ಸ್ಪಂಜು ಅಂಟಿಸಿ ರೆಕ್ಸಿನ್ ಹೊಲಿಸಿದೆ. ಹೊಲಿದುಕೊಟ್ಟ ಸಮೀರಾ, "ಡಾಕ್ಟ್ರು ಬಯ್ತಾರೆ ಮಾಮಿ" ಎಂದಳು. "ಡಾಕ್ಟ್ರು ಹಾಕ್ಕೊಳ್ತಾರಾ ಇದನ್ನ?" ಎಂದೆ. ಮರುದಿನ ಕವಚ ಹಾಸಿಗೆಯಂತಾಯಿತು. ಬೇಕಾದಂತೆ ಬಗ್ಗಿ ಕೂತೆ. ಹೊಟ್ಟೆ ತುಂಬ ಉಂಡೆ. ಇಷ್ಟು ಚೆಂದದ ಕೆಲಸ ನಾನು ಬೇರೆ ಮಾಡಿಲ್ಲ ಎಂದುಕೊಂಡೆ.

ಅದೇ ವಾರ ಮೇಷ್ಟ್ರು ಬಂದರು. ನಾನಿಲ್ಲದಾಗ ಸಮೀರಾ ಅವರಿಗೆ ಕೇಳಿದಷ್ಟು ಮೆತ್ತನೆ ಸ್ಪಂಜು ತುಂಬಿಕೊಟ್ಟಿದ್ದಳು. ಕೈ ಜೋಮು ಇನ್ನೂ ಹೆಚ್ಚಾಗಿದೆ ಎಂದರು. ನಾನು ಒಳಗಿನಿಂದಲೇ ಹೇಳಿದೆ: "ಮೆತ್ತಗಿದ್ರೆ ನೀವು ಅದ್ರಲ್ಲಿ ಹೂತು ಹೋಗಿ ಮುಂದೆ ಜಾರ್ತೀರಿ ಮಾರಾಯ್ರೆ. ಜಾರಿದ ಭಾರ ಎಲ್ಲ ಕೈ ಮೇಲೆ ಬರ್ತದೆ. ಮೆತ್ತನೆ ಸೀಟು ಅಂಗಡೀಲಿ ಸುಖ, ರಸ್ತೇಲಿ ಶಿಕ್ಷೆ. ಗಟ್ಟಿ ಇರ್ಬೇಕು, ಎತ್ತಿ ಹಿಡೀಬೇಕು."

ಕೊಯ್ದ ಕವಚ ಕಟ್ಟಿಕೊಂಡು, ಬೆನ್ನು ಬಗ್ಗಿಸಿ ಕೂತು, ನಾನು ಇಷ್ಟು ಹೇಳಿದೆ. ನನ್ನ ಮಾತು ನನಗೆ ಕೇಳಿಸಲಿಲ್ಲ.

ಮೂರು ವಾರಕ್ಕೆ ಬಲಗಾಲಿನ ಹೆಬ್ಬೆರಳು ಏಳುವುದು ನಿಂತಿತು. ಎಡಗಾಲು ಮರಳಿನ ಚೀಲದಷ್ಟು ಭಾರ. ಮತ್ತೆ ಪಿಕಪ್, ಮತ್ತೆ ತಗಡಿನ ಕುರ್ಚಿ, ಮತ್ತೆ ಪೈಪು. ಡಾಕ್ಟರಮ್ಮ ಕವಚವನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಬೈಯಲಿಲ್ಲ. ಬೈದಿದ್ದರೆ ನನಗೂ ಒಂದು ಮಾತು ಆಡಲು ಸಿಗುತ್ತಿತ್ತು. ಕವಚದವನನ್ನು ಕರೆಸಿದರು.

ಅವನು ತನ್ನ ಮುಷ್ಟಿಯನ್ನು ನನ್ನ ಎದೆಮೂಳೆಯ ಮೇಲಿಟ್ಟ. "ಇಲ್ಲಿಂದ ಹಿಂದಕ್ಕೆ ತಳ್ಳಬೇಕು." ಇನ್ನೊಂದು ಕೈ ಹೊಟ್ಟೆಯ ಬುಡಕ್ಕೆ. "ಇಲ್ಲಿಂದಲೂ ಹಿಂದಕ್ಕೆ." ಹನೀಫನ ಅಂಗೈಯನ್ನು ತೆಗೆದು ನನ್ನ ಬೆನ್ನಿಗೆ ಇಡಿಸಿದ. "ಇಲ್ಲಿ ಮುಂದಕ್ಕೆ. ಮೂರೂ ಸೇರಿ ನಿಮ್ಮನ್ನ ನೆಟ್ಟಗೆ ಹಿಡಿಯೋದು ಅಮ್ಮಾ. ನೀವು ಒಂದನ್ನ ಕೊಯ್ದಿದೀರಿ. ಮಿಕ್ಕಿದ್ದರ ಮೇಲೆ ಸ್ಪಂಜು ಇಟ್ಟಿದೀರಿ."

ಭಾರ ಎಲ್ಲಿ ಕೂರುತ್ತದೆ ಎಂದು ನಲವತ್ತು ವರ್ಷ ನೋಡಿದವಳಿಗೆ ಇನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ನಾನು ಸುಖವಾಗಿ ಬಗ್ಗಿ ಕೂತ ಅಷ್ಟೂ ಗಂಟೆ, ತಿಂದು ಹೋದ ಮಣಿ ಇನ್ನಷ್ಟು ಕುಸಿದಿತ್ತು.

"ತೊಡೆಗೆ ನಾಟ್ತದೆ ಅಂತ ಬಂದು ಹೇಳಿದ್ರೆ ಅಲ್ಲಿ ನಾನೇ ತೆಗೆದು ಕೊಡ್ತಿದ್ದೆ" ಎಂದ ಅವನು. "ಅಲ್ಲಿ ತೆಗೆದ್ರೆ ಎಂತ ಆಗೋದಿಲ್ಲ. ನೀವು ಮಲಗಿದ್ದಾಗ ಅಳತೆ ತೆಗ್ದಿದ್ದು, ಕೂತಾಗ ಎಲ್ಲಿ ತಾಗ್ತದೆ ಅಂತ ಕೂತವರೇ ಹೇಳ್ಬೇಕು."

ಡಾಕ್ಟರಮ್ಮ ಎರಡು ವಾರ ಕೊಟ್ಟರು. ಪೂರ್ತಿ ಮಲಗಿರಬೇಕು. ಎರಡು ವಾರದಲ್ಲಿ ಕಾಲು ತಿರುಗಿ ಬರುವ ಗುರುತು ಕಂಡರೆ ಸರಿ, ಇಲ್ಲದಿದ್ದರೆ ಆಪರೇಷನ್ ಮಾಡಿ ಬೆನ್ನು ಬಿಡಿಸಲೇಬೇಕು. ಈ ವಯಸ್ಸಿಗೆ ಬಿಡಿಸಿದ ಮೇಲೂ ಕಾಲು ಬರುತ್ತದೆ ಎಂದು ಬರೆದುಕೊಡಲು ಆಗುವುದಿಲ್ಲ ಎಂದರು.

ಮತ್ತೆ ಹದಿನಾಲ್ಕು ಶೀಟು, ಎರಡು ತೊಲೆ. ಮೊದಲ ಆರು ವಾರ ಕಾಯಿಲೆ ನನ್ನನ್ನು ಮಲಗಿಸಿತ್ತು. ಈ ಸಲ ಮಲಗಿಸಿದ್ದು ನನ್ನದೇ ಕೈ. ಆ ಕೈಯನ್ನು ನೋಡುತ್ತಾ ಮಲಗುವುದು ಬೇರೆ ಥರ. ಮಗ್ಗುಲು ಬದಲಿಸಲೂ ಒಬ್ಬರನ್ನು ಕೂಗಬೇಕು. ಕೂಗಿದರೆ ಸಮೀರಾ ಮೆಷಿನ್ ನಿಲ್ಲಿಸಿ ಬರಬೇಕು. ಎಷ್ಟೋ ಸಲ ಕೂಗದೆ ಹಲ್ಲು ಕಚ್ಚಿದೆ. ಪ್ರಾರ್ಥನೆ ಮಲಗಿಕೊಂಡೇ, ಕಣ್ಣಿನಲ್ಲೇ ಬಗ್ಗಿ ಕಣ್ಣಿನಲ್ಲೇ ಎದ್ದು.

ದಿನವೂ ಬೆಳಿಗ್ಗೆ ಸಮೀರಾ ನನ್ನ ಅಂಗಾಲಿಗೆ, ಕಾಲ್ಬೆರಳಿಗೆ ಸೀಟು ಹೊಲಿಯುವ ಸೂಜಿ ತಾಗಿಸಿ ಕೇಳುತ್ತಿದ್ದಳು.

"ಯಾವ ಬೆರಳು ಮಾಮಿ?"

"ಗೊತ್ತಿಲ್ಲ."

"ಈಗ?"

"ಮುಟ್ಟಿದ್ಯಾ?"

ಅವಳು ಸೂಜಿ ಎತ್ತಿಟ್ಟು ಹೋಗುತ್ತಿದ್ದಳು. ನಾಳೆ ಬರುತ್ತದೆ ಎಂಬ ಮಾತು ಅವಳು ಆಡಲಿಲ್ಲ. ಒಂದು ದಿನ ನಾನು ಅರ್ಧ ಬಿಟ್ಟ ಚಹಾವನ್ನು ಚೆಲ್ಲಲು ಎತ್ತಿದವಳು, ಏನೋ ಯೋಚಿಸುತ್ತಾ ಅಲ್ಲೇ ನಿಂತು ಕುಡಿದುಬಿಟ್ಟಳು. ನನ್ನ ಲೋಟದಲ್ಲೇ. ಆಮೇಲೆ ಲೋಟ ನೋಡಿದಳು, ನನ್ನನ್ನು ನೋಡಿದಳು. "ಸಕ್ಕರೆ ಜಾಸ್ತಿ ಆಗಿದೆ" ಎಂದು ಹೊರಟುಹೋದಳು. ಮರುದಿನ ಎಲ್ಲ ಲೋಟಗಳೂ ಒಂದೇ ಬುಟ್ಟಿಯಲ್ಲಿದ್ದವು.

ಹನ್ನೊಂದನೇ ಬೆಳಿಗ್ಗೆ ಅಂಗಾಲಿಗೆ ಕೆಂಡ ತಾಗಿದ ಹಾಗಾಯಿತು.

"ನಿನ್ನ ಕೈ ಸೇದಿ ಹೋಗ, ಮೂಳೆ ತನಕ ಚುಚ್ತೀಯಲ್ಲ" ಎಂದು ಬೈದೆ.

ಸಮೀರಾ ಸೂಜಿ ಹಿಡಿದುಕೊಂಡೇ ನೆಲದ ಮೇಲೆ ಕೂತಳು. ಆಮೇಲೆ, "ಇನ್ನೊಂದು ಸಲ ಬೈರಿ" ಎಂದಳು. ಬೈದೆ. ಆ ದಿನ ಎಷ್ಟು ಬೈದೆನೋ ಲೆಕ್ಕವಿಲ್ಲ. ಹೆಬ್ಬೆರಳು ಎದ್ದದ್ದು ಇನ್ನೂ ಎರಡು ದಿನದ ಮೇಲೆ, ಅಕ್ಕಿಕಾಳಿನಷ್ಟು.

ಆಪರೇಷನ್ ಬೇಡವಾಯಿತು. ಹೊಸ ಕವಚ ಬಂತು. ಈ ಸಲ ಕವಚದವನಿಗೆ ನಾನೇ ಹೇಳಿದೆ, ಕೂರಿಸಿ ನೋಡಪ್ಪ ಎಂದು. ಹಿಂದೆ ಮುಂದೆ ಇಬ್ಬರು ಹಿಡಿದು ಕೂರಿಸಿದರು. ತೊಡೆಗೆ ನಾಟುವ ಜಾಗ ಬೆರಳಿಟ್ಟು ತೋರಿಸಿದೆ. ಅಲ್ಲಿ ತೆಗೆದ. ಎದೆಯ ಮುಷ್ಟಿ ಹಾಗೇ ಇತ್ತು. ಅದು ಹಾಗೇ ಇರಬೇಕು. ಒಂಬತ್ತು ತಿಂಗಳು ಆ ಮುಷ್ಟಿಯ ಜೊತೆ ಬಾಳಿದೆ. ಅದಕ್ಕೆ ಅಭ್ಯಾಸ ಆಗಲಿಲ್ಲ. ಯಾರಿಗೂ ಆಗುವುದಿಲ್ಲ, ಆಗುತ್ತದೆ ಎನ್ನುವವರನ್ನು ನಂಬಬೇಡಿ. ಎಲ್ಲಾದರೂ ನಾಟಿದರೆ ಹೋಗಿ ಹೇಳಿ. ಬ್ಲೇಡು ಮುಟ್ಟಬೇಡಿ.

ಮನೆಗೆ ಬಂದ ಮೇಲೆ ನನ್ನನ್ನು ಕಾಡಿದ್ದು ಕವಚದವನ ಮಾತು. ಮಲಗಿದಾಗ ತೆಗೆದ ಅಳತೆ ಕೂತಾಗ ಹೊಂದಲಿಲ್ಲ. ನಾನು ಮೇಷ್ಟ್ರನ್ನು ಮೂರು ಸಲ ನೆಟ್ಟಗೆ ಕೂರಿಸಿ ಅಳೆದಿದ್ದೆ. ಗಾಡಿಯ ಮೇಲೆ ಅವರು ನೆಟ್ಟಗೆ ಕೂರುವುದು ಎಲ್ಲಿ? ಕವಚ ಹಾಕಿಕೊಂಡು ಅಂಗಡಿಯವರೆಗೆ ನಡೆಯಲು ಬಂದ ಮೇಲೆ ಅವರಿಗೆ ಹೇಳಿ ಕಳಿಸಿದೆ.

ಬೆಂಚಿನ ಎದುರು ಒಂದು ಗಿಡ್ಡ ಸ್ಟೂಲಿಟ್ಟು, ಅದರ ಮೇಲೆ ಕೈಯೂರಿ ಬಗ್ಗಿ, ಕಾಲು ಹಿಂದಕ್ಕೆ ಮಡಚಿ ತೌಡಿನ ಚೀಲದ ಮೇಲೆ ಕೂರಲು ಹೇಳಿದೆ. ಅಂಗಡಿಯ ಎದುರು ಬಸ್ಸಿಗೆ ಕಾಯುತ್ತಿದ್ದವರೆಲ್ಲ ನಿಂತು ನೋಡಿದರು.

"ಖತೀಜಮ್ಮ, ನನ್ನ ಶಾಲೆ ಮಕ್ಕಳು ಯಾರಾದ್ರೂ ನೋಡಿದ್ರೆ ಮರ್ಯಾದೆ ಹೋಗ್ತದೆ."

"ಅವ್ರನ್ನ ನೀವು ಬಗ್ಗಿಸ್ತೀರಲ್ಲ, ಒಂದಿನ ಅವ್ರೂ ನೋಡ್ಲಿ. ಅಲ್ಲಾಡ್ಬೇಡಿ."

ಎದ್ದಾಗ ಗುಂಡಿ ಬೇರೆ ಕಡೆ ಇತ್ತು. ನಾನು ಹೊಲಿದಿದ್ದಕ್ಕಿಂತ ನಾಲ್ಕು ಬೆರಳು ಮುಂದೆ. ಅಲ್ಲಿ ಗಟ್ಟಿ ಸ್ಪಂಜು ಹಾಕಿ ಎತ್ತರಿಸಿ ಜಾರು ತೆಗೆದೆ. ಹಿಂದೆ ತುಸು ಜಾಗ ಬಿಟ್ಟೆ, ಉದ್ದ ಕಾಲು ಮಡಚಲು. ತೊಡೆಯ ಕಡೆ ಅಂಚು ಇಳಿಸಿದೆ. ಮೊಣಕಾಲಿನಿಂದ ಟ್ಯಾಂಕನ್ನು ಅಪ್ಪಿ ಹಿಡಿಯಿರಿ, ಕೈಯನ್ನು ಹ್ಯಾಂಡಲಿನ ಮೇಲೆ ಸುಮ್ಮನೆ ಇಡಿ ಎಂದೆ. ಕೊಯ್ದದ್ದು ಸಮೀರಾ. ಹೊಲಿದದ್ದು ನಾನು. ಮುಷ್ಟಿ ಎದೆಯ ಮೇಲೆ, ಬೆನ್ನು ಕಂಬ, ಬಲಗಾಲು ಪೆಡಲಿನ ಮೇಲೆ. ಒತ್ತಿದೆ. ಮೆಷಿನ್ ಓಡಿತು. ಒಂದು ಗೇಣು ಹೊಲಿದು ಸುಸ್ತಾಗಿ ನಿಲ್ಲಿಸಿದೆ, ಮತ್ತೆ ಒಂದು ಗೇಣು. ಆ ಸೀಟಿಗೆ ಒಂದು ವಾರ ಬೇಕಾಯಿತು.

ಮಾತ್ರೆ ಮುಗಿಯಿತು, ಕವಚ ಬಿಚ್ಚಿದರು. ಬಿಚ್ಚಿದ ದಿನ ಕುಸಿದು ಬೀಳುತ್ತೇನೆ ಎನ್ನಿಸಿ ಹನೀಫನ ಅಂಗಿ ಹಿಡಿದುಕೊಂಡಿದ್ದೆ. ಹೊರಗಿನಿಂದ ಹಿಡಿದವರು ಬಿಟ್ಟರೆ ಹಾಗೆ. ಬಲಗಾಲಿನ ಎರಡು ಬೆರಳು ಇನ್ನೂ ಪೂರ್ತಿ ನನ್ನವಲ್ಲ. ಬೆನ್ನಿನಲ್ಲಿ ಒಂದು ಗೂನು ಉಳಿದಿದೆ. ಅದು ಕಾಯಿಲೆಯದ್ದಲ್ಲ, ಬ್ಲೇಡಿನದು.

ಮೇಷ್ಟ್ರು ಮೊನ್ನೆ ಬಂದಿದ್ದರು. ಗಾಡಿ ನಿಲ್ಲಿಸಿ, ಶಾಲೆಯ ಕಬಡ್ಡಿ ತಂಡ, ಹೆಂಡತಿಯ ತಮ್ಮನ ಮದುವೆ ಎಂದು ಅರ್ಧ ಗಂಟೆ ಮಾತಾಡಿದರು. ಹೊರಡುವಾಗ ನಾನೇ ಕೇಳಿದೆ, ಸೀಟು ಹೇಗಿದೆ ಎಂದು.

"ಯಾವ ಸೀಟು?" ಎಂದರು.

ಒಳ್ಳೆಯ ಸೀಟು ಎಂದರೆ ಅಷ್ಟೇ, ಕೂತವನಿಗೆ ಅದು ಇದೆ ಎಂದು ಗೊತ್ತಾಗಬಾರದು. ನನ್ನ ಬೆನ್ನು ನನಗೆ ಇನ್ನೂ ಗೊತ್ತಾಗುತ್ತದೆ, ದಿನಕ್ಕೆ ಹತ್ತು ಸಲ. ಮೊದಲು ಇಡೀ ದಿನ ಗೊತ್ತಾಗುತ್ತಿತ್ತು.